ಹದಿನೆಂಟು ತುಂಬಿದ ಮೇಲೆ ಸಹಿ ಯಾರದು?

ಅಕ್ಕನ ಮಗನಿಗೆ ಹದಿನೆಂಟು ತುಂಬಿ ಮೂರು ತಿಂಗಳಾಗಿತ್ತು. ಶಾಲೆಯ ದಿನಗಳಿಂದ ಅವನ ಹೆಸರಿನಲ್ಲಿದ್ದ ಖಾತೆಯಿಂದ ಎರಡು ಸಾವಿರ ತೆಗೆಯೋಣವೆಂದು ಅಕ್ಕ ವಿತ್‌ಡ್ರಾಯಲ್ ಫಾರಂ ತುಂಬಿ, ಯಾವತ್ತಿನಂತೆ ತಾನೇ ಸಹಿ ಹಾಕಿ ಕೌಂಟರಿಗೆ ಕೊಟ್ಟಳು. ಫಾರಂ ವಾಪಸ್ ಬಂತು. “ಮೇಡಂ, ಇದು ಮೈನರ್ ಅಕೌಂಟು. ಹುಡುಗ ಮೇಜರ್ ಆಗಿದ್ದಾನೆ. ಇನ್ನು ನಿಮ್ಮ ಸಹಿ ನಡೆಯಲ್ಲ.” ಪಕ್ಕದಲ್ಲಿ ನಿಂತಿದ್ದವನ ಮುಖ ಒಮ್ಮೆ ನೋಡಿ ಗುಮಾಸ್ತರು ಇನ್ನೊಂದು ಮಾತು ಸೇರಿಸಿದರು: “ಇವನ ಪರವಾಗಿ ಯಾರು ಸಹಿ ಮಾಡ್ತೀರೋ ಅವರು ಕೋರ್ಟಿಂದ ಆರ್ಡರ್ ತನ್ನಿ.”

ಪುಟ್ಟನಿಗೆ ಡೌನ್ ಸಿಂಡ್ರೋಮ್ ಇದೆ. ಮನೆಯಲ್ಲಿ ಅವನು ಈಗಲೂ ಪುಟ್ಟನೇ. ಮಾತು ನಿಧಾನ, ಲೆಕ್ಕ ನೂರರವರೆಗೆ ಗಟ್ಟಿ, ಆಮೇಲೆ ಬೆರಳು ಬೇಕು. ಬೇಕರಿಗೆ ಐವತ್ತರ ನೋಟು ಒಯ್ದು ಬನ್ನು ಕೊಂಡು ಚಿಲ್ಲರೆ ಎಣಿಸಿಕೊಂಡೇ ಬರುತ್ತಾನೆ. ಎರಡು ರೂಪಾಯಿ ಕಡಿಮೆ ಬಂದರೆ ಬೇಕರಿಯವರ ಎದುರು ಕೈಚಾಚಿ ನಿಲ್ಲುವವನು. ಆ ದಿನ ಬ್ಯಾಂಕಿನಲ್ಲಿ ಅವನನ್ನು ಯಾರೂ ಏನೂ ಕೇಳಲಿಲ್ಲ.

ಮುಂದಿನ ಎರಡು ತಿಂಗಳು ನಾನು, ಅಕ್ಕ ಓಡಾಡಿ, ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಇದೇ ಬಾಗಿಲಲ್ಲಿ ನಿಂತಿರುವ ಇನ್ನೊಂದು ಮನೆಗಾದರೂ ಓಡಾಟ ಕಡಿಮೆಯಾದೀತು.

ಅರ್ಧ ಸರಿ, ಅರ್ಧ ತಪ್ಪು

ಗುಮಾಸ್ತರು ಹೇಳಿದ್ದರಲ್ಲಿ ಅರ್ಧ ಸರಿ. ಹಿಂದೂ ಕುಟುಂಬಗಳಿಗೆ ಅನ್ವಯಿಸುವ 1956ರ ಕಾನೂನಿರಲಿ, ಬೇರೆ ಯಾವುದಿರಲಿ, ತಂದೆತಾಯಿ ಸಹಜ ಪೋಷಕರಾಗಿರುವುದು ಮಗುವಿಗೆ ಹದಿನೆಂಟು ತುಂಬುವವರೆಗೆ ಮಾತ್ರ. ಮಗುವಿಗೆ ಅಂಗವೈಕಲ್ಯವಿದೆ ಎಂದು ಆ ಗಡಿ ಮುಂದೆ ಹೋಗುವುದಿಲ್ಲ. “ನಾನು ಹೆತ್ತವಳು, ನನ್ನ ಸಹಿ ಯಾಕೆ ಆಗಲ್ಲ?” ಎಂದು ಅಕ್ಕ ಕೇಳಿದ ಹಾಗೆಯೇ ಬಹಳ ಜನ ಕೇಳುತ್ತಾರೆ. ಮನೆಯಲ್ಲಿ ಆ ಮಾತಿಗೆ ಎದುರಾಡುವವರಿಲ್ಲ. ಕೌಂಟರಿನಲ್ಲಿ ಮಾತ್ರ ಅದಕ್ಕೆ ಬೆಲೆಯಿಲ್ಲ. ಮೈನರ್ ಖಾತೆಗಳ ಬಗ್ಗೆ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಸೂಚನೆಯೂ ಇದನ್ನೇ ಹೇಳುತ್ತದೆ. ವಯಸ್ಕರಾದ ಕೂಡಲೇ ಖಾತೆದಾರರಿಂದಲೇ ಹೊಸ ಸಹಿ ನಮೂನೆ ಪಡೆಯಬೇಕು, ಖಾತೆ ನಡೆಸುವ ಹೊಸ ಸೂಚನೆ ಬರೆಸಿಕೊಳ್ಳಬೇಕು, ಬಾಕಿ ಮೊತ್ತ ಖಚಿತಪಡಿಸಿಕೊಳ್ಳಬೇಕು. ಹೀಗೆ ಮಾಡಬೇಕಾಗುತ್ತದೆ ಎಂದು ಮುಂಚಿತವಾಗಿ ತಿಳಿಸುವ ಹೊಣೆಯೂ ಬ್ಯಾಂಕಿನದೇ. ನಮಗಂತೂ ಒಂದು ಮೆಸೇಜೂ ಬಂದಿರಲಿಲ್ಲ.

ಇನ್ನರ್ಧ ತಪ್ಪು. ಅವನ ಪರವಾಗಿ ಬೇರೊಬ್ಬರು ಸಹಿ ಹಾಕಲೇಬೇಕು, ಅದಕ್ಕೆ ಕೋರ್ಟಿಗೇ ಹೋಗಬೇಕು ಎಂಬುದು ಎಲ್ಲಿಯೂ ಇಲ್ಲ. ಖಾತೆ ತೆರೆಯುವುದೆಂದರೆ ಬ್ಯಾಂಕಿನ ಜೊತೆ ಒಂದು ಕರಾರು. 1872ರ ಕರಾರು ಕಾಯ್ದೆ ಕೇಳುವುದು ಇಷ್ಟನ್ನು: ಕರಾರು ಮಾಡಿಕೊಳ್ಳುವ ಹೊತ್ತಿಗೆ ಅದೇನೆಂದು ಅರ್ಥಮಾಡಿಕೊಂಡು, ತನಗೆ ಅದರಿಂದ ಒಳಿತೋ ಕೆಡುಕೋ ಎಂದು ತೂಗಿ ನೋಡಬಲ್ಲ ಸ್ಥಿತಿಯಲ್ಲಿ ಆ ವ್ಯಕ್ತಿ ಇರಬೇಕು. ವೈದ್ಯಕೀಯ ಪ್ರಮಾಣಪತ್ರದಲ್ಲಿ ಯಾವ ಹೆಸರು ಬರೆದಿದೆ, ಶೇಕಡಾ ಎಷ್ಟು ಎಂದು ಕಾಯ್ದೆ ಕೇಳುವುದಿಲ್ಲ. ಇನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 13ನೇ ಕಲಮು ನೇರವಾಗಿಯೇ ಇದೆ. ಆಸ್ತಿ ಹೊಂದುವುದಕ್ಕೆ, ತಮ್ಮ ಹಣಕಾಸು ತಾವೇ ನೋಡಿಕೊಳ್ಳುವುದಕ್ಕೆ, ಬ್ಯಾಂಕ್ ಸಾಲ ಪಡೆಯುವುದಕ್ಕೆ ಎಲ್ಲರಿಗಿರುವಷ್ಟೇ ಹಕ್ಕು ವಿಕಲಚೇತನರಿಗೂ ಇದೆ ಎನ್ನುತ್ತದೆ ಅದು. ನೆರವು ಬೇಕಾದರೆ ಪಡೆಯಬಹುದು. ಆದರೆ ನೆರವು ಕೊಡುವವರು ಒತ್ತಡ ಹೇರುವಂತಿಲ್ಲ, ಯಾವುದೋ ವ್ಯವಹಾರದಲ್ಲಿ ಅವರ ಸ್ವಂತ ಲಾಭ ಅಡ್ಡ ಬಂದರೆ ಆ ವ್ಯವಹಾರದಿಂದ ಹಿಂದೆ ಸರಿಯಬೇಕು. ಕೊನೆಯ ಮಾತು ನಮ್ಮಂಥ ಮಾವಂದಿರಿಗೆ, ದೊಡ್ಡಪ್ಪಂದಿರಿಗೆ ಬರೆದದ್ದು ಎಂದೇ ನನ್ನ ಭಾವನೆ.

ಆದ್ದರಿಂದ “ಇವರ ಪರವಾಗಿ ಯಾರು?” ಎಂದು ಕೇಳುವ ಮೊದಲು “ಇವರಿಗೆ ಏನೇನು ಬರುತ್ತದೆ?” ಎಂದು ಕೇಳಬೇಕು, ಬ್ಯಾಂಕಿನವರೂ ಮನೆಯವರೂ. ಉತ್ತರವನ್ನು ನೋಡಿಕೊಂಡು ದಾರಿ ಆರಿಸಿಕೊಳ್ಳಬೇಕು. ಪೋಷಕತ್ವ ಪ್ರಮಾಣಪತ್ರ ಎಲ್ಲಕ್ಕಿಂತ ಕೊನೆಯ ಬಾಗಿಲು. ಬಹಳ ಕಡೆ ಅದನ್ನೇ ಮೊದಲು ತಟ್ಟಿಸುತ್ತಾರೆ.

ಕಣ್ಣು, ಕೈ, ಕಿವಿ

ದೃಷ್ಟಿ ಇಲ್ಲದವರ ಮಟ್ಟಿಗೆ ವಿವಾದವೇ ಇಲ್ಲ. ಅವರು ಕರಾರು ಮಾಡಿಕೊಳ್ಳಲು ಕಾನೂನಿನ ಪ್ರಕಾರ ಪೂರ್ತಿ ಸಮರ್ಥರು, ಚೆಕ್ ಪುಸ್ತಕ, ಎಟಿಎಂ, ಲಾಕರ್, ನೆಟ್ ಬ್ಯಾಂಕಿಂಗ್ ಯಾವುದನ್ನೂ ನಿರಾಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಹೇಳಿಬಿಟ್ಟಿದೆ. “ಮನೆಯವರ ಜೊತೆ ಜಾಯಿಂಟ್ ಮಾಡಿಸಿ” ಎಂದು ಯಾರಾದರೂ ಒತ್ತಾಯಿಸಿದರೆ ಅದು ಅವರ ಸ್ವಂತ ಸಲಹೆ, ನಿಯಮವಲ್ಲ. ನೋಟು ಗುರುತಿಸಲು ರಿಸರ್ವ್ ಬ್ಯಾಂಕಿನದೇ ‘ಮಣಿ’ ಎಂಬ ಆ್ಯಪ್ ಇದೆ. 2020ರ ಜನವರಿಯಲ್ಲಿ ಬಂತು. ಕ್ಯಾಮೆರಾ ಎದುರು ನೋಟು ಹಿಡಿದರೆ ಎಷ್ಟರದೆಂದು ಹೇಳುತ್ತದೆ, ಇಂಟರ್ನೆಟ್ ಬೇಕಿಲ್ಲ. ಮಂದದೃಷ್ಟಿಯವರಿಗೆ ಶಾಖೆಯಲ್ಲಿ ಭೂತಗನ್ನಡಿ ಇಟ್ಟಿರಬೇಕೆಂಬ ಸೂಚನೆಯೂ ಇದೆ. ಕೇಳಿ ನೋಡಿ, ಯಾವುದಾದರೂ ಡ್ರಾಯರಿನಲ್ಲಿ ಇದ್ದೀತು.

ಕೈ ಇಲ್ಲದವರು, ಸೆರೆಬ್ರಲ್ ಪಾಲ್ಸಿಯಿಂದ ಪೆನ್ನು ಹಿಡಿಯಲಾಗದವರು ಸಹಿ ಹೇಗೆ ಮಾಡುವುದು? ಇದರ ಉತ್ತರ ಸುಪ್ರೀಂ ಕೋರ್ಟಿನ ಹಳೆಯ ತೀರ್ಪೊಂದರಲ್ಲಿದೆ. ಅದು 1950ರ ಕಾನೂನು ವರದಿಗಳಲ್ಲಿ ಸೇರಿದೆ, ಬ್ಯಾಂಕುಗಳ ಗ್ರಾಹಕ ಸೇವೆಯ ಸೂಚನೆಗಳಲ್ಲಿ ಇಂದಿಗೂ ಅದನ್ನೇ ಆಧಾರವಾಗಿ ಹಿಡಿದಿದ್ದಾರೆ. ಸಹಿ ಮಾಡಬೇಕಾದ ವ್ಯಕ್ತಿಗೂ ಕಾಗದದ ಮೇಲಿನ ಗುರುತಿಗೂ ದೈಹಿಕ ಸಂಪರ್ಕವಿರಬೇಕು, ಅಷ್ಟೇ. ಹೆಬ್ಬೆಟ್ಟು ಆಗದಿದ್ದರೆ ಕಾಲಿನ ಹೆಬ್ಬೆರಳು ಸಾಕು. ಅದೂ ಆಗದಿದ್ದರೆ ಆ ವ್ಯಕ್ತಿ ಪೆನ್ನನ್ನು ಮುಟ್ಟಬೇಕು, ಮುಟ್ಟಿದ ಆ ಪೆನ್ನಿನಿಂದ ಇನ್ನೊಬ್ಬರು ಗುರುತು ಹಾಕಬಹುದು. ಇಂಥ ಸಂದರ್ಭದಲ್ಲಿ ಹಣ ತೆಗೆಯುವಾಗ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಸಿಬ್ಬಂದಿ. ಸಾಕ್ಷಿ ಹುಡುಕಿಕೊಂಡು ಬೀದಿಗೆ ಹೋಗಬೇಕಾಗಿಲ್ಲ ಎಂದಾಯಿತು. ಒಬ್ಬರು ಕೌಂಟರಿನ ಒಳಗೇ ಕೂತಿರುತ್ತಾರೆ.

ಮೊಬೈಲಿನಲ್ಲೇ ಖಾತೆ ತೆರೆಯುವ ವಿಡಿಯೋ ಕೆವೈಸಿಯದು ಬೇರೆ ಕಥೆ. ಎದುರಿಗಿರುವುದು ಜೀವಂತ ಮನುಷ್ಯ ಎಂದು ಖಚಿತಪಡಿಸಿಕೊಳ್ಳಲು ಅದು “ಕಣ್ಣು ಮಿಟುಕಿಸಿ” ಎನ್ನುತ್ತದೆ. ಆ್ಯಸಿಡ್ ದಾಳಿಯಿಂದ ರೆಪ್ಪೆ ಮಿಟುಕಿಸಲಾಗದ ಪ್ರಜ್ಞಾ ಪ್ರಸೂನ್ ಮತ್ತಿತರರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟಿತು. ಡಿಜಿಟಲ್ ಸೇವೆ ಕೈಗೆಟುಕುವುದು ಬದುಕುವ ಹಕ್ಕಿನ ಭಾಗ ಎಂದಿತು, ಇಪ್ಪತ್ತು ನಿರ್ದೇಶನ ಕೊಟ್ಟಿತು. ಅದೇ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಕೆವೈಸಿ ನಿಯಮ ತಿದ್ದಿತು. ಜೀವಂತಿಕೆಯ ಪರೀಕ್ಷೆಯಿಂದ ವಿಶೇಷ ಅಗತ್ಯವಿರುವವರು ಹೊರಗುಳಿಯಬಾರದು, ಅರ್ಜಿ ತಿರಸ್ಕರಿಸುವುದಾದರೆ ಅಧಿಕಾರಿ ಯೋಚಿಸಿ, ಕಾರಣ ದಾಖಲಿಸಿಯೇ ತಿರಸ್ಕರಿಸಬೇಕು. ಈ ಕೊನೆಯ ಮಾತು ನೆನಪಿನಲ್ಲಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ.

ಕಿವಿ ಕೇಳದವರಿಗೆ ಖಾತೆ ತೆರೆಯುವುದು ಕಷ್ಟವಲ್ಲ. ಕಷ್ಟ ಆಮೇಲೆ, ಎಲ್ಲ ದೂರಿಗೂ ಫೋನ್ ನಂಬರು ಕೊಟ್ಟು ಕೂರುವ ಬ್ಯಾಂಕುಗಳಿಂದ. ಇಮೇಲ್ ವಿಳಾಸವನ್ನು ಫಾರಂನಲ್ಲಿ ಮರೆಯದೆ ಬರೆಸಿ.

ಕಾಗದ ಪತ್ರ

ಗುರುತಿಗೆ, ವಿಳಾಸಕ್ಕೆ ಆಧಾರ್, ಪಾಸ್‌ಪೋರ್ಟ್, ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್, ನರೇಗಾ ಜಾಬ್ ಕಾರ್ಡ್ ಇವುಗಳಲ್ಲಿ ಒಂದು ಸಾಕು. ಪ್ಯಾನ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಇಲ್ಲವೆಂದು ಬರೆದುಕೊಡುವ ಫಾರಂ ಇದೆ, ಬ್ಯಾಂಕಿನವರ ಬಾಯಲ್ಲಿ ಅದು ‘ಫಾರ್ಮ್ 60’. ಯುಡಿಐಡಿ ಕಾರ್ಡನ್ನು ಒಯ್ಯಿರಿ, ಆದರೆ ಅದು ಅಂಗವೈಕಲ್ಯಕ್ಕೆ ಪುರಾವೆಯೇ ಹೊರತು ಕೆವೈಸಿಗೆ ನಡೆಯುವ ದಾಖಲೆಯಲ್ಲ. ಇದನ್ನು ತಿಳಿಯದೆ ಬರೀ ಯುಡಿಐಡಿ ಹಿಡಿದುಹೋಗಿ ವಾಪಸ್ ಬಂದವರಿದ್ದಾರೆ. ಯಾವ ದಾಖಲೆಯೂ ಇಲ್ಲದವರಿಗೆ ‘ಸ್ಮಾಲ್ ಅಕೌಂಟ್’ ಎಂಬುದಿದೆ. ಅಧಿಕಾರಿಯ ಎದುರು ಫೋಟೋ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ ತೆರೆಯುತ್ತಾರೆ. ಬಾಕಿ 50,000 ದಾಟಬಾರದು, ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಜಮೆಯಾಗಬಾರದು, ತಿಂಗಳಿಗೆ ಹತ್ತು ಸಾವಿರಕ್ಕಿಂತ ಹೆಚ್ಚು ತೆಗೆಯಬಾರದು. ಒಂದು ವರ್ಷದ ಒಳಗೆ ದಾಖಲೆಗೆ ಅರ್ಜಿ ಹಾಕಿದ ಪುರಾವೆ ತೋರಿಸಿದರೆ ಇನ್ನೊಂದು ವರ್ಷ ಮುಂದುವರಿಯುತ್ತದೆ.

ಆಧಾರ್ ಇದ್ದರೂ ಬೆರಳು ಕೈಕೊಡುತ್ತದೆ. ಹದಿನೈದು ವರ್ಷಕ್ಕೆ ಬಯೋಮೆಟ್ರಿಕ್ ಹೊಸದಾಗಿ ಕೊಡಬೇಕು. ಮಗುವನ್ನು ಹೊತ್ತುಕೊಂಡು, ಗಾಡಿ ಮಾಡಿಕೊಂಡು ಹೋಗಬೇಕಾದ ಮನೆಗಳಲ್ಲಿ ಇದು ಮುಂದಕ್ಕೆ ಬಿದ್ದಿರುತ್ತದೆ. ನಮ್ಮಲ್ಲೂ ಬಿದ್ದಿತ್ತು. ಮಷೀನು ಪುಟ್ಟನ ಬೆರಳನ್ನು ನಾಲ್ಕು ಸಲ ತಿರಸ್ಕರಿಸಿತು, ಐದನೇ ಸಲಕ್ಕೆ ಅವನೇ ಕೈ ಹಿಂದೆ ಕಟ್ಟಿಕೊಂಡ. ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಸರಿಪಡಿಸಿಕೊಳ್ಳುವುದು ಜಾಣತನ. ಬೆರಳೇ ಇಲ್ಲದವರಿಗೆ, ಪಾಪೆ ಸೆರೆಸಿಗದವರಿಗೆ ಅವಿಲ್ಲದೆಯೇ ನೋಂದಣಿ ಮಾಡುವ ವ್ಯವಸ್ಥೆ ಆಧಾರ್‌ನಲ್ಲೇ ಇದೆ. ಅಷ್ಟು ಮಾಡಿಯೂ ಬೆರಳು ಹೊಂದದಿದ್ದರೆ? ಅನಾರೋಗ್ಯ, ಗಾಯ, ಅಶಕ್ತತೆಯಂಥ ಕಾರಣದಿಂದ ಯಂತ್ರದ ದೃಢೀಕರಣ ಆಗದಿದ್ದರೆ ಆಧಾರ್ ಸಂಖ್ಯೆ ಬರೆದುಕೊಂಡು, ಆಫ್‌ಲೈನ್ ಪರಿಶೀಲನೆಯಿಂದಲೋ ಬೇರೆ ದಾಖಲೆಯಿಂದಲೋ ಗುರುತು ಪಡೆಯಬೇಕು ಎಂದು ಕೆವೈಸಿ ನಿಯಮವೇ ಹೇಳುತ್ತದೆ. “ಮಷೀನ್ ತಗೋತಿಲ್ಲ” ಎಂಬುದು ಉತ್ತರವಾಗಲಾರದು.

ಖಾತೆಯ ಬಗೆ ಕೇಳಿದರೆ ಬೇಸಿಕ್ ಉಳಿತಾಯ ಖಾತೆ ಎನ್ನಿ. ಕನಿಷ್ಠ ಬಾಕಿ ಬೇಕಿಲ್ಲ, ಕಾರ್ಡಿಗೆ ದುಡ್ಡಿಲ್ಲ, ತಿಂಗಳಿಗೆ ಕನಿಷ್ಠ ನಾಲ್ಕು ಸಲ ಉಚಿತವಾಗಿ ತೆಗೆಯಬಹುದು. ಜನಧನ್ ಖಾತೆಯೂ ಇದೇ ಜಾತಿಯದು, ಜೊತೆಗೆ ರುಪೇ ಕಾರ್ಡಿನ ಅಪಘಾತ ವಿಮೆ ಬರುತ್ತದೆ. ಒಂದು ಷರತ್ತು: ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ.

ಬ್ಯಾಂಕಿಗೆ ಹೋಗುವ ದಿನವನ್ನೂ ಯೋಚಿಸಿ. ತಿಂಗಳ ಮೊದಲ ವಾರ ಪಿಂಚಣಿಯವರ ಸಾಲು, ಸೋಮವಾರ ಎಲ್ಲರ ಸಾಲು. ಹದಿನೈದರ ಆಚೆ, ಮಧ್ಯಾಹ್ನ ಊಟದ ನಂತರ, ಮುಂಚೆ ಫೋನ್ ಮಾಡಿ ಹೋದರೆ ಗದ್ದಲವಿರುವುದಿಲ್ಲ. ಆಟಿಸಂ ಇರುವವರಿಗಂತೂ ಆ ಟೋಕನ್ ಗಂಟೆಯ ಸದ್ದೇ ಅರ್ಧ ಜೀವ ತೆಗೆಯುತ್ತದೆ. ಓಡಾಡಲಾಗದವರ ಮನೆಗೇ ಬಂದು ಕೆವೈಸಿ ಕಾಗದ ಪಡೆಯುವ, ಹಣ ತಲುಪಿಸುವ ಸೌಲಭ್ಯ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ 2017ರ ನವೆಂಬರ್‌ನಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಮೆಟ್ಟಿಲು ಹತ್ತಿಸುವ ಮೊದಲು ಇದನ್ನು ಕೇಳಿ.

ಒಂದೂವರೆ ಇಂಚಿನ ಚೌಕ

ನಮ್ಮ ದೊಡ್ಡ ಸಮಸ್ಯೆ ಕಾನೂನಿನದಾಗಿರಲಿಲ್ಲ, ಸಹಿಯದಾಗಿತ್ತು.

ಪುಟ್ಟ ತನ್ನ ಹೆಸರನ್ನು ಕನ್ನಡದಲ್ಲಿ ಬರೆಯುತ್ತಾನೆ. ಸಹಿ ಯಾವ ಭಾಷೆಯಲ್ಲಿದ್ದರೂ ಸರಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಫಾರಂನಲ್ಲಿ ಸಹಿ ನಮೂನೆಗೆ ಬಿಟ್ಟಿರುವ ಚೌಕ ಒಂದೂವರೆ ಇಂಚು. ಅವನ ಮೊದಲಕ್ಷರವೇ ಅದರ ಅರ್ಧ ನುಂಗುತ್ತಿತ್ತು, ಕೊನೆಯ ಅಕ್ಷರದ ಒತ್ತು ಗೆರೆ ದಾಟಿ ಕೆಳಗಿಳಿದು ‘ದಿನಾಂಕ’ದ ಮೇಲೆ ಕೂರುತ್ತಿತ್ತು. ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಸ್ಕೇಲಿನಿಂದ ಅಂಥದೇ ಚೌಕಗಳನ್ನು ಗೀಚಿಕೊಟ್ಟೆ. ಜನವರಿಯಿಂದ ಮಾರ್ಚಿನವರೆಗಿನ ಹಾಳೆಗಳು ಮುಗಿದವು, ಒತ್ತು ಮಾತ್ರ ಒಳಗೆ ಬರಲೊಲ್ಲದು. ಅವನಿಗೂ ಬೇಸರ, ನನಗೂ ಬೇಸರ.

ಆಮೇಲೆ ಅಕ್ಕನೇ ಕೇಳಿದಳು, “ಅಲ್ವೋ, ನಿನ್ನ ಸಹೀಲಿ ನಿನ್ನ ಹೆಸರು ಓದಕ್ಕಾಗುತ್ತಾ?” ಆಗುವುದಿಲ್ಲ. ನನ್ನದೊಂದು ಸುರುಳಿ, ಅದರ ಕೆಳಗೊಂದು ಗೆರೆ. ಸಹಿಯೆಂದರೆ ಪೂರ್ತಿ ಹೆಸರಿರಬೇಕೆಂದೇನೂ ಇಲ್ಲ, ಪ್ರತಿ ಸಲ ಒಂದೇ ಥರ ಬಂದರೆ ಸಾಕು. ಪುಟ್ಟನ ಸಹಿ ಈಗ ಹೆಸರಿನ ಮೊದಲಕ್ಷರ, ಪಕ್ಕದಲ್ಲೊಂದು ಚುಕ್ಕೆ, ಕೆಳಗೊಂದು ಗೆರೆ. ಗೆರೆ ಎಳೆಯುವುದು ಅವನಿಗೆ ಬಹಳ ಇಷ್ಟ. ಆರು ವಾರ ದಿನಕ್ಕೆ ಹತ್ತರಂತೆ ಹಾಕಿಸಿದೆವು. ಮೊದಲ ದಿನದ ಹಾಳೆಯನ್ನೂ ಕೊನೆಯ ದಿನದ ಹಾಳೆಯನ್ನೂ ಕಿಟಕಿಗೆ ಹಿಡಿದು ಒಂದರ ಮೇಲೊಂದಿಟ್ಟು ನೋಡಿದರೆ ಚುಕ್ಕೆ ಚೂರು ಆಚೀಚೆ, ಅಷ್ಟೇ.

ಸಹಿ ಹೀಗೆ ನಿಲ್ಲದವರು ಹೆಬ್ಬೆಟ್ಟಿಗೆ ಹೋಗಬಹುದು. ರೂಢಿಯಂತೆ ಗಂಡಸರದು ಎಡ, ಹೆಂಗಸರದು ಬಲ. ಅದರಲ್ಲಿ ನಾಚಿಕೆಪಡುವಂಥದ್ದಿಲ್ಲ. ತೊಂದರೆ ಇರುವುದು ಬೇರೆ ಕಡೆ: ಹೆಬ್ಬೆಟ್ಟಿನ ಖಾತೆಗೆ ಸಾಮಾನ್ಯವಾಗಿ ಚೆಕ್ ಪುಸ್ತಕ ಸಿಗುವುದಿಲ್ಲ, ಹಣ ತೆಗೆಯಲು ಪಾಸ್‌ಬುಕ್ ಹಿಡಿದು ಖುದ್ದಾಗಿ ಹೋಗಬೇಕು. ಹೆಬ್ಬೆಟ್ಟು ಬೇಗ ಮುಗಿಯುವ ಕೆಲಸವೆಂದು ಮನೆಯವರು ಅವಸರಪಡುತ್ತಾರೆ. ಆರು ವಾರ ಕಾಯುವುದಾದರೆ ಕಾಯಿರಿ.

ಎರಡನೇ ಸಲ ಹೋದಾಗ ಕುರ್ಚಿಯಲ್ಲಿದ್ದ ಅಧಿಕಾರಿಣಿ ಬೇರೆ. ಅವರು ಮೊದಲು ನೋಡಿದ್ದು ಪುಟ್ಟನ ಕಡೆಗೆ. “ಏನು ಸಾರ್ ನಿಮ್ಮ ಹೆಸರು?” ಪುಟ್ಟ ಹಿಂದೆ ತಿರುಗಿ ನೋಡಿದ, ಬೇರೆ ಯಾರೋ ಸಾರ್ ಬಂದಿರಬೇಕೆಂದು. ಆಮೇಲೆ ಹೆಸರು ಹೇಳಿದ.

“ಬ್ಯಾಂಕಲ್ಲಿ ದುಡ್ಡು ಇಟ್ರೆ ಏನಾಗುತ್ತೆ?”

“ಇಲ್ಲೇ ಇರುತ್ತೆ. ಕೇಳಿದ್ರೆ ಕೊಡ್ತೀರಿ.”

“ಯಾರಾದ್ರೂ ಫೋನ್ ಮಾಡಿ ಕಾರ್ಡ್ ನಂಬರ್ ಕೇಳಿದ್ರೆ?”

“ಅಮ್ಮಂಗೆ ಫೋನ್ ಕೊಡ್ತೀನಿ.”

ಇದು ತಯಾರಿಯಿಲ್ಲದ ಉತ್ತರವಲ್ಲ. ಮನೆಯಲ್ಲಿ ನಾನು ಮ್ಯಾನೇಜರ್ ಆಗಿ, ಅವನು ಗಿರಾಕಿಯಾಗಿ ಆಡಿದ್ದೆವು. ಪರೀಕ್ಷೆಗೆ ಓದಿದ ಹಾಗೆ ಬಾಯಿಪಾಠ ಮಾಡಿಸುವುದರಿಂದ ಪ್ರಯೋಜನವಿಲ್ಲ, ಪ್ರಶ್ನೆ ಸ್ವಲ್ಪ ತಿರುಗಿದರೆ ಸಿಕ್ಕಿಬೀಳುತ್ತಾರೆ. ಡಬ್ಬದಲ್ಲಿ ಹಣ ಹಾಕುವುದು, ಚೀಟಿಯಲ್ಲಿ ಬರೆಯುವುದು, ತೆಗೆದಾಗ ಕಳೆಯುವುದು ಹೀಗೆ ಆಟವಾಗಿ ಮಾಡಿದರೆ ಅರ್ಥ ಕೂರುತ್ತದೆ. ಅಧಿಕಾರಿಣಿ ಹೊಸ ಫೋಟೋ, ಕೆವೈಸಿ, ಸಹಿ ನಮೂನೆ ತೆಗೆದುಕೊಂಡು ಹಳೆಯ ಖಾತೆಯನ್ನೇ ಅವನ ಕೈಗೆ ಒಪ್ಪಿಸಿದರು. ಕಾಗದದ ಮಟ್ಟಿಗೆ ಹೊಸ ಖಾತೆಯಷ್ಟೇ ಕೆಲಸ.

ಕೊನೆಯ ಬಾಗಿಲು

ಎಲ್ಲರ ಮನೆಯಲ್ಲೂ ಹೀಗೆ ಮುಗಿಯುವುದಿಲ್ಲ. ಹಣವೆಂದರೇನೆಂದು ಎಷ್ಟು ಹೇಳಿದರೂ ತಿಳಿಯದವರಿದ್ದಾರೆ, ಮಾತು ಸನ್ನೆ ಯಾವುದರಲ್ಲೂ ಇಷ್ಟವನ್ನು ತಿಳಿಸಲಾಗದವರಿದ್ದಾರೆ. ಅವರಿಗಾಗಿ ಇರುವುದೇ ಪೋಷಕತ್ವ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅನ್ವಯಿಸುತ್ತದೆ. ಇದಕ್ಕೆ ಕೋರ್ಟು ಬೇಡ. ಜಿಲ್ಲಾಧಿಕಾರಿ ಮಟ್ಟದ ಅಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಮತ್ತು ಒಬ್ಬ ವಿಕಲಚೇತನ ವ್ಯಕ್ತಿ ಇರುವ ಸ್ಥಳೀಯ ಮಟ್ಟದ ಸಮಿತಿ ಜಿಲ್ಲೆಯಲ್ಲೇ ಇರುತ್ತದೆ. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅರ್ಜಿಯನ್ನು ನ್ಯಾಷನಲ್ ಟ್ರಸ್ಟಿನ ಜಾಲತಾಣದಲ್ಲೂ ಹಾಕಬಹುದು. ಆ ಜಾಲತಾಣದಲ್ಲಿ ದಾರಿ ತಪ್ಪಿದರೆ ಜಿಲ್ಲೆಯ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯವರು, ತಾಲೂಕಿನಲ್ಲಿ ಎಂಆರ್‌ಡಬ್ಲ್ಯು, ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಎಂಬ ಪುನರ್ವಸತಿ ಕಾರ್ಯಕರ್ತರು ಹೇಳಿಕೊಡುತ್ತಾರೆ. ಈ ವಿಆರ್‌ಡಬ್ಲ್ಯುಗಳು ಸಾಮಾನ್ಯವಾಗಿ ಸ್ವತಃ ವಿಕಲಚೇತನರು, ಯಾವ ಟೇಬಲ್ಲಿನಲ್ಲಿ ಯಾವ ಕಾಗದ ನಿಲ್ಲುತ್ತದೆಂದು ಅವರಿಗೆ ಗೊತ್ತು.

ಈ ಸಮಿತಿ ಕೊಟ್ಟ ಪ್ರಮಾಣಪತ್ರವನ್ನು ನಂಬಿ ಖಾತೆ ತೆರೆಯಬಹುದು, ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ 2007ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ಮೊದಲ ದಿನ ಕೇಳಿದ ಆ ‘ಕೋರ್ಟ್ ಆರ್ಡರ್’ ಇಂಥವರಿಗೂ ಬೇಕಾಗಿರಲಿಲ್ಲ ಎಂದರೆ ನೋಡಿ.

ಅರ್ಜಿ ಬಂದಾಗ ಸಮಿತಿ ನೋಡುವುದು ಎರಡು ವಿಷಯ: ಈ ವ್ಯಕ್ತಿಗೆ ಪೋಷಕರ ಅಗತ್ಯವಿದೆಯೇ, ಇದ್ದರೆ ಯಾವ ಯಾವ ಕೆಲಸಕ್ಕೆ. ಎರಡನೆಯದನ್ನು ಮನೆಯವರು ಓದದೆ ಬಿಡುತ್ತಾರೆ. ‘ಎಲ್ಲದಕ್ಕೂ’ ಎಂದು ಬರೆಯುವ ಬದಲು ಬೇಕಾದಷ್ಟನ್ನೇ ಕೇಳಿ. ಪೋಷಕರಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ಆರ್ಥಿಕ ವರ್ಷ ಮುಗಿದು ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಹಣ ದುರುಪಯೋಗ ಮಾಡಿದರೆ, ನಿರ್ಲಕ್ಷಿಸಿದರೆ ತೆಗೆದುಹಾಕಬಹುದು. ತಂದೆತಾಯಿಗೆ ಇದು ಕಿರಿಕಿರಿ. ತಂದೆತಾಯಿ ಹೋದ ಮೇಲೆ ಚಿಕ್ಕಪ್ಪನೋ ಭಾವನೋ ಪೋಷಕರಾದಾಗ ಈ ಕಿರಿಕಿರಿಯೇ ಕಾವಲು.

ಆ ನಾಲ್ಕರ ಆಚೆಗಿನ ಅಂಗವೈಕಲ್ಯಗಳಿಗೆ 2016ರ ಕಾಯ್ದೆಯ 14ನೇ ಕಲಮಿನ ಸೀಮಿತ ಪೋಷಕತ್ವವಿದೆ. ಜಿಲ್ಲಾ ನ್ಯಾಯಾಲಯ ಅಥವಾ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರ ಒಂದು ನಿರ್ದಿಷ್ಟ ನಿರ್ಧಾರಕ್ಕೆ, ನಿರ್ದಿಷ್ಟ ಅವಧಿಗೆ ಕೊಡುವಂಥದ್ದು, ಅದೂ ಆ ವ್ಯಕ್ತಿಯ ಇಚ್ಛೆಯಂತೆ ನಡೆಯಬೇಕಾದದ್ದು. ಮಾನಸಿಕ ಕಾಯಿಲೆ ಇರುವವರ ಮನೆಯವರು ಒಂದು ಗೊಂದಲಕ್ಕೆ ಬೀಳುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ‘ನಾಮನಿರ್ದೇಶಿತ ಪ್ರತಿನಿಧಿ’ ಇದ್ದಾರಲ್ಲ, ಅವರು ಚಿಕಿತ್ಸೆಯ ವಿಷಯಕ್ಕೆ ಮಾತ್ರ. ಆ ಕಾಗದದಿಂದ ಬ್ಯಾಂಕಿನಲ್ಲಿ ಏನೂ ಆಗುವುದಿಲ್ಲ.

ದುಡ್ಡು ಬರಲು ಶುರುವಾದ ಮೇಲೆ

ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಮಂಜೂರಾದರೂ ಹಣ ಬರದಿದ್ದರೆ ಬ್ಯಾಂಕಿನಲ್ಲಿ ಒಂದು ಮಾತು ಕೇಳಿ: “ಆಧಾರ್ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ?” ಖಾತೆಗೆ ಆಧಾರ್ ಜೋಡಿಸುವುದು ಒಂದು, ಸರ್ಕಾರದ ಹಣ ಈ ಖಾತೆಗೇ ಬರಲಿ ಎಂದು ಎನ್‌ಪಿಸಿಐನಲ್ಲಿ ನಮೂದಿಸುವುದು ಇನ್ನೊಂದು. ಒಂದು ಆಧಾರಿಗೆ ಒಂದೇ ಖಾತೆ ನಮೂದಾಗುತ್ತದೆ, ಕೊನೆಗೆ ನಮೂದಿಸಿದ್ದು ಯಾವುದೋ ಅದಕ್ಕೆ ಹಣ ಹೋಗುತ್ತದೆ. ಎರಡನೇ ಖಾತೆ ತೆರೆಸಿ ಮಾಸಾಶನ ‘ನಿಂತುಹೋಯಿತು’ ಎಂದು ಅಳುವವರ ಹಣ ಎಷ್ಟೋ ಸಲ ಆ ಎರಡನೇ ಖಾತೆಯಲ್ಲೇ ತಣ್ಣಗೆ ಕೂತಿರುತ್ತದೆ.

ಹೊಸ ಕಾರ್ಡು ಎಟಿಎಂ ಮತ್ತು ಅಂಗಡಿಯ ಯಂತ್ರಕ್ಕೆ ಮಾತ್ರ ತೆರೆದಿರುತ್ತದೆ. ಆನ್‌ಲೈನ್ ಬಳಕೆಯನ್ನು ಕೇಳಿ ತೆರೆಸಬೇಕು. ತೆರೆಸಬೇಡಿ. ದಿನದ ಮಿತಿಯನ್ನು ಕಡಿಮೆ ಮಾಡಿಸಿ. ಯುಪಿಐ ಕಲಿಸುವ ಆಸೆಯಿದ್ದರೆ ಅವರ ಉಳಿತಾಯ ಖಾತೆಗೆ ನೇರವಾಗಿ ಜೋಡಿಸುವ ಮೊದಲು ‘ಯುಪಿಐ ಸರ್ಕಲ್’ ನೋಡಿ. ಅಮ್ಮನ ಖಾತೆಯಿಂದ ಮಗ ತನ್ನ ಫೋನಿನಲ್ಲಿ ಪಾವತಿಸುವ ಏರ್ಪಾಡು ಅದು. ಪ್ರತಿ ಪಾವತಿಗೂ ಅಮ್ಮ ಒಪ್ಪಿಗೆ ಒತ್ತುವಂತೆಯೂ ಇಡಬಹುದು, ತಿಂಗಳಿಗೆ ಇಷ್ಟು ಎಂದು ಬಿಟ್ಟುಕೊಡಲೂಬಹುದು.

ನನಗೆ ನಿಜವಾಗಿ ಭಯವಿರುವುದು ಇನ್ನೊಂದರದು. “ನಿನ್ನ ಅಕೌಂಟ್ ಸ್ವಲ್ಪ ದಿನ ಕೊಡು, ಐನೂರು ಕೊಡ್ತೀನಿ” ಎಂದು ಸ್ನೇಹದ ಮಾತಾಡಿ ಪಾಸ್‌ಬುಕ್, ಸಿಮ್ ಎರಡೂ ಒಯ್ಯುವವರಿದ್ದಾರೆ. ವಂಚನೆಯ ಹಣ ಆ ಖಾತೆಯಲ್ಲಿ ಹಾದುಹೋ‌ಗುತ್ತದೆ, ಪೊಲೀಸರು ಬರುವುದು ಖಾತೆದಾರನ ಮನೆಗೆ. ಯಾರನ್ನೂ ಬೇಗ ನಂಬುವ ಹುಡುಗ ಹುಡುಗಿಯರು ಇದಕ್ಕೆ ಸುಲಭದ ತುತ್ತು. ಓಟಿಪಿ ಹೇಳಬಾರದು ಎಂದು ಕಲಿಸುವಷ್ಟೇ ಒತ್ತಿ, ಪಾಸ್‌ಬುಕ್ ಯಾರಿಗೂ ಸಾಲ ಕೊಡಬಾರದು ಎಂದೂ ಕಲಿಸಬೇಕು. ಪುಟ್ಟನಿಗೆ ನಾವು ಹೇಳಿದ್ದು: “ಪಾಸ್‌ಬುಕ್ ಅಂದ್ರೆ ಹಲ್ಲುಜ್ಜೋ ಬ್ರಷ್ ಇದ್ದಂಗೆ.” ಅವನಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಇಲ್ಲ ಎಂದರೆ

ಜಗಳ ಬೇಡ, ಕಾಗದ ಕೇಳಿ. “ಯಾಕೆ ಆಗಲ್ಲ ಅಂತ ಬರೆದುಕೊಡಿ ಸಾರ್” ಎಂಬ ಒಂದು ಸಾಲಿನಿಂದ ಎಷ್ಟೋ ‘ಆಗಲ್ಲ’ಗಳು ‘ನೋಡೋಣ ಇರಿ’ಗಳಾಗುತ್ತವೆ. ತಿರಸ್ಕಾರಕ್ಕೆ ಕಾರಣ ದಾಖಲಿಸಬೇಕೆಂಬ ನಿಯಮ ಆಗಲೇ ಹೇಳಿದೆನಲ್ಲ. ಬರೆದುಕೊಡದಿದ್ದರೆ ನೀವೇ ದೂರು ಬರೆದು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಖರ್ಚಿಲ್ಲ, ವಕೀಲರು ಬೇಡ. ಹೇಗೆಂದು ತಿಳಿಯಲು 14448ಕ್ಕೆ ಕರೆ ಮಾಡಬಹುದು. ಬೆಂಗಳೂರಿನಲ್ಲಿರುವ ರಾಜ್ಯದ ವಿಕಲಚೇತನರ ಆಯುಕ್ತರಿಗೂ ಬರೆಯಬಹುದು. ನಮಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಆ ದಿನ ಎಲ್ಲ ಮುಗಿದು ಏಳುವ ಹೊತ್ತಿಗೆ ಅಧಿಕಾರಿಣಿ ಫಾರಂನ ಕೊನೆಯ ಪುಟ ತಿರುಗಿಸಿ “ನಾಮಿನಿ?” ಎಂದರು. ಅಕ್ಕ ತನ್ನ ಹೆಸರು ಹೇಳಲು ಬಾಯಿ ತೆರೆದಿದ್ದಳು. ನಾಮಿನಿ ಎಂದರೆ ಏನೆಂದು ಪುಟ್ಟ ಕೇಳಿದ. ನೀವಿಲ್ಲದಾಗ ನಿಮ್ಮ ದುಡ್ಡು ಯಾರ ಕೈಗೆ ಹೋಗಬೇಕು ಎಂದು ಬರೆಯುವ ಜಾಗ ಅಂದರು ಅವರು. ಪುಟ್ಟ ಸ್ವಲ್ಪ ಹೊತ್ತು ಸೀಲಿಂಗ್ ಫ್ಯಾನ್ ನೋಡಿ, “ತಂಗಿ” ಎಂದ. ತಂಗಿಗೆ ಹದಿಮೂರು. ನಾಮಿನಿ ಮೈನರ್ ಆದರೆ ಅವರ ಪರವಾಗಿ ಹಣ ಪಡೆಯುವ ದೊಡ್ಡವರೊಬ್ಬರ ಹೆಸರೂ ಬೇಕು. ಅದಕ್ಕೆ ಕೆಳಗೆ ಬೇರೆ ಸಾಲಿದೆ. ಅಕ್ಕನ ಹೆಸರು ಆ ಸಾಲಿನಲ್ಲಿ ಬಂತು.